ಎದುರಾಳಿ ಬೇರೆ, ಪ್ರಶ್ನೆ ಒಂದೇ: ವಿದೇಶಿ ಕ್ವಿಜ್ ತಂಡಗಳನ್ನು ಅಳೆಯೋದು ಹೇಗೆ?

ಅಮೆರಿಕದ ಕಾಲೇಜು ಕ್ವಿಜ್ ಈಗ ಅಮೆರಿಕದವರ ಆಟ ಮಾತ್ರ ಆಗಿ ಉಳಿದಿಲ್ಲ. ಬ್ರಿಟನ್, ಕೆನಡಾದ ವಿಶ್ವವಿದ್ಯಾಲಯಗಳ ತಂಡಗಳೂ ಅದೇ ಪ್ರಶ್ನೆಗಳನ್ನು ತಮ್ಮ ದೇಶದಲ್ಲೇ ಆಡಿ ಅಮೆರಿಕದ ಫೈನಲ್ ಕೂಟಕ್ಕೆ ಅರ್ಹತೆ ಪಡೆಯಲು ನೋಡುತ್ತವೆ. ಅಲ್ಲಿರುವುದು ಲೆಕ್ಕದ ಸೀಟುಗಳು. ಒಮ್ಮೆಯೂ ಎದುರುಬದುರು ಕೂರದ ಲಂಡನ್ ತಂಡ ಮತ್ತು ಷಿಕಾಗೊ ತಂಡದಲ್ಲಿ ಯಾವುದು ಮೇಲು ಅಂತ ಹೇಳೋದು ಹೇಗೆ? ತಕರಾರು ಶುರುವಾಗೋದೇ ಇಲ್ಲಿ.

ಗೆಲುವು-ಸೋಲು ಎಣಿಸಿದರೆ ಸಾಲದು. ನಾಲ್ಕೈದು ತಂಡಗಳಷ್ಟೇ ಇರುವ ಕಡೆ ಎಲ್ಲ ಪಂದ್ಯ ಗೆಲ್ಲೋದು ಸುಲಭ. ಘಟಾನುಘಟಿಗಳಿರುವ ಕಡೆ ಒಳ್ಳೆ ತಂಡವೂ ನಾಲ್ಕು ಪಂದ್ಯ ಸೋಲಬಹುದು.

ಆಟದ ನಿಯಮದಲ್ಲೇ ಇದಕ್ಕೊಂದು ದಾರಿ ಇದೆ. ಮೊದಲು ಬಜರ್ ಪ್ರಶ್ನೆ. ಯಾರು ಮೊದಲು ಒತ್ತಿ ಸರಿ ಹೇಳುತ್ತಾರೋ ಅವರಿಗೆ 10 ಅಂಕ. ಪ್ರಶ್ನೆ ಮುಗಿಯುವ ಮೊದಲೇ ಒತ್ತಿ ತಪ್ಪು ಹೇಳಿದರೆ 5 ಅಂಕ ಕಡಿತ. ಸರಿ ಹೇಳಿದ ತಂಡಕ್ಕೆ ತಲಾ 10 ಅಂಕದ ಮೂರು ಬೋನಸ್ ಪ್ರಶ್ನೆ. ಬೋನಸ್‌ನಲ್ಲಿ ಎದುರಾಳಿ ಬಾಯಿ ಹಾಕುವಂತಿಲ್ಲ. ಹಾಗಾಗಿ ಎದುರಿಗೆ ಯಾರೇ ಇರಲಿ, 30ಕ್ಕೆ ಸರಾಸರಿ ಎಷ್ಟು ಬಂತು ಅನ್ನೋದು ತಂಡದ ಸ್ವಂತ ತೂಕ. ಎಲ್ಲ ಪಂದ್ಯ ಗೆದ್ದು 14 ಸರಾಸರಿ ತೆಗೆದ ತಂಡಕ್ಕಿಂತ, ನಾಲ್ಕು ಸೋತು 19 ತೆಗೆದ ತಂಡ ಹೆಚ್ಚು ತಿಳಿದಿರುವ ಸಾಧ್ಯತೆಯೇ ಜಾಸ್ತಿ.

ಆದರೆ ಬಜರ್ ಒತ್ತುವ ವೇಗ ಬೋನಸ್‌ನಲ್ಲಿ ಕಾಣಲ್ಲ. ಅದಕ್ಕೇ 1997ರಿಂದ ಅಂತರ್ ಕಾಲೇಜು ಚಾಂಪಿಯನ್‌ಷಿಪ್ ನಡೆಸುತ್ತಿರುವ ಎನ್‌ಎಕ್ಯುಟಿ ಸಂಸ್ಥೆ ಬಜರ್ ಅಂಕ, ಬೋನಸ್ ಸರಾಸರಿ, ಎದುರಾಳಿಗಳ ಬಲ ಮೂರನ್ನೂ ಸೇರಿಸಿ 'ಡಿ-ವ್ಯಾಲ್ಯೂ' ಎಂಬ ಸೂತ್ರದಿಂದ ತಂಡಗಳನ್ನು ಆರಿಸುತ್ತದೆ.

ಇಷ್ಟಾದರೂ ಒಂದು ಕೊರತೆ ಉಳಿಯುತ್ತದೆ. ಪ್ರಶ್ನೆಗಳು ಅಮೆರಿಕದವು. ಅಲ್ಲಿನ ಅಂತರ್ಯುದ್ಧ, ಅಧ್ಯಕ್ಷರು, ಕಾದಂಬರಿಕಾರರು ಅಲ್ಲಿನ ಹುಡುಗರಿಗೆ ಶಾಲೆಯಲ್ಲೇ ಗೊತ್ತು. ಬ್ರಿಟನ್ನಿನವರು ಅದನ್ನು ಹೊಸದಾಗಿ ಓದಬೇಕು. ಯಾವ ಸೂತ್ರಕ್ಕೂ ಈ ವ್ಯತ್ಯಾಸ ಕಾಣಲ್ಲ. ಹಾಗಂತ ವಿದೇಶಿಯರಿಗೆ ಕೃಪಾಂಕ ಕೊಡೋದೂ ಸರಿಯಲ್ಲ, ಫೈನಲ್‌ನಲ್ಲಿ ಬರೋದೂ ಅದೇ ಬಗೆಯ ಪ್ರಶ್ನೆ.

ಆದ್ದರಿಂದ ಎರಡು ಮಾತನ್ನು ಬೇರೆ ಇಡಬೇಕು. ಈ ಕೂಟದಲ್ಲಿ ಯಾರು ಚೆನ್ನಾಗಿ ಆಡಬಲ್ಲರು ಎಂಬುದಕ್ಕೆ ಈ ರ‍್ಯಾಂಕ್ ನ್ಯಾಯವಾದ ಉತ್ತರ. ಜಗತ್ತಿನಲ್ಲಿ ಯಾರು ಹೆಚ್ಚು ಬಲ್ಲವರು ಎಂಬುದಕ್ಕೆ ಅಲ್ಲ. ವಿಮಾನದ ಟಿಕೆಟ್‌ಗೆ ಕೈಯಿಂದ ದುಡ್ಡು ಹಾಕುವ ವಿದ್ಯಾರ್ಥಿಗಳಿಗೆ ಇದನ್ನು ಮೊದಲೇ ತಿಳಿಸಬೇಕು.

ತಾಲ್ಲೂಕುಗಳಲ್ಲಿ ಪ್ರತ್ಯೇಕ ಸುತ್ತು ನಡೆಸಿ ಜಿಲ್ಲೆಗೆ ತಂಡ ಆರಿಸುವವರಿಗೂ ಇದರಲ್ಲಿ ಪಾಠ ಇದೆ. ಒಂದೇ ಪ್ರಶ್ನೆಪತ್ರಿಕೆ, ಒಂದೇ ದಿನ, ಜತೆಗೆ ಯಾರ ಮೇಲೆ ಗೆದ್ದರು ಎಂಬ ಲೆಕ್ಕ. ಇವಿಲ್ಲದೆ 'ನಮ್ಮ ತಾಲ್ಲೂಕಿಗೆ ಮೊದಲು' ಅನ್ನೋದಕ್ಕೆ ಜಿಲ್ಲಾ ಮಟ್ಟದಲ್ಲಿ ಬೆಲೆ ಇಲ್ಲ.