ಗ್ರಾಫಿಕ್ಸ್ ಕಾರ್ಡ್ ಓವರ್‌ಕ್ಲಾಕಿಂಗ್: ಲಾಭ ಯಾರಿಗೆ, ನಷ್ಟ ಯಾರಿಗೆ?

ಕಂಪ್ಯೂಟರ್ ಗೇಮ್ ಆಡುವ ನಾಲ್ಕು ಜನ ಕೂಡಿದರೆ ಸಾಕು, ಓವರ್‌ಕ್ಲಾಕಿಂಗ್ ಮಾತು ಬಂದೇ ಬರುತ್ತದೆ. ಕಂಪನಿ ನಿಗದಿ ಮಾಡಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಗ್ರಾಫಿಕ್ಸ್ ಕಾರ್ಡನ್ನು ಓಡಿಸುವುದೇ ಓವರ್‌ಕ್ಲಾಕಿಂಗ್. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಉಚಿತ ಸಾಫ್ಟ್‌ವೇರ್ ಇದ್ದರೆ ಕೆಲವೇ ನಿಮಿಷಗಳ ಕೆಲಸ. "ಪುಕ್ಕಟ ಸಿಗೋ ಸ್ಪೀಡ್ ಯಾಕ ಬಿಡ್ತಿಯಲೇ?" ಎಂದು ಗೆಳೆಯರು ಕೇಳುತ್ತಾರೆ. ನಾನು ಕಾಮರ್ಸ್ ವಿದ್ಯಾರ್ಥಿ. ಪುಕ್ಕಟೆ ಎಂದು ಯಾರಾದರೂ ಹೇಳಿದರೆ ಲೆಕ್ಕ ಹಾಕಿ ನೋಡಬೇಕು ಅನಿಸುತ್ತದೆ.

ಮೊದಲು ಲಾಭದ ಲೆಕ್ಕ. ಒಂದು ಕಾಲದಲ್ಲಿ ಓವರ್‌ಕ್ಲಾಕಿಂಗ್‌ನಿಂದ ನಿಜವಾಗಿಯೂ ದೊಡ್ಡ ಲಾಭವಿತ್ತು. 1998ರಲ್ಲಿ ಬಂದ ಇಂಟೆಲ್ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರನ್ನು ಬಹಳ ಜನ 300ರಿಂದ 450 ಮೆಗಾಹರ್ಟ್ಸ್‌ಗೆ ಏರಿಸಿ ಬಳಸಿದರು. ಅಂದರೆ ಶೇಕಡಾ 50ರಷ್ಟು ಹೆಚ್ಚು ವೇಗ. ಈಗ ಹಾಗಿಲ್ಲ. 2012ರಲ್ಲಿ ಎನ್‌ವಿಡಿಯಾ 'ಜಿಪಿಯು ಬೂಸ್ಟ್' ತಂದ ಮೇಲೆ, ಶಾಖ ಮತ್ತು ವಿದ್ಯುತ್ ಮಿತಿಯೊಳಗೆ ಎಷ್ಟು ಸಾಧ್ಯವೋ ಅಷ್ಟು ವೇಗವನ್ನು ಕಾರ್ಡೇ ತೆಗೆದುಕೊಳ್ಳುತ್ತದೆ. ನಮ್ಮ ಪಾಲಿಗೆ ಉಳಿಯುವುದು ಸಾಮಾನ್ಯವಾಗಿ ಶೇಕಡಾ 5ರಿಂದ 10 ಮಾತ್ರ.

ಸೆಕೆಂಡಿಗೆ 40 ಫ್ರೇಮ್ ಬರುವ ಆಟದಲ್ಲಿ ಶೇಕಡಾ 5 ಏರಿದರೆ 42 ಆಗುತ್ತದೆ. ಒಂದು ಫ್ರೇಮಿಗೆ 25 ಮಿಲಿಸೆಕೆಂಡ್ ಬೇಕಾಗಿದ್ದಲ್ಲಿ ಸುಮಾರು 23.8 ಸಾಕು. ಆಡುವಾಗ ಇದು ಗೊತ್ತಾಗುವುದು ಕಷ್ಟ. ಇನ್ನು 60 ಹರ್ಟ್ಸ್ ಮಾನಿಟರ್ ಇದ್ದವರ ಆಟ ಈಗಾಗಲೇ 60 ಫ್ರೇಮ್ ಕೊಡುತ್ತಿದ್ದರೆ, ಅದನ್ನು 66 ಮಾಡಿದರೂ ಪರದೆ ತೋರಿಸುವುದು 60 ಮಾತ್ರ. ವ್ಯಾಲೊರಂಟ್‌ನಂಥ ಆಟಗಳಲ್ಲಿ ಹೊರೆ ಹೆಚ್ಚಾಗಿ ಪ್ರೊಸೆಸರ್ ಮೇಲೆ ಬೀಳುತ್ತದೆ. ಜಿಟಿಎಕ್ಸ್ 1650ಯಂಥ ಕಾರ್ಡಿನ 4 ಜಿಬಿ ಮೆಮೊರಿ ಸಾಲದೆ ಆಟ ತಡೆದು ತಡೆದು ನಡೆಯುತ್ತಿದ್ದರೆ, ಎಷ್ಟು ಓವರ್‌ಕ್ಲಾಕ್ ಮಾಡಿದರೂ ಅದು 6 ಜಿಬಿ ಆಗುವುದಿಲ್ಲ.

ಈಗ ಖರ್ಚಿನ ಲೆಕ್ಕ. ಕರೆಂಟ್ ಬಿಲ್ ಬಹಳ ಏರುತ್ತದೆ ಎನ್ನುವ ಮಾತು ಸರಿಯಲ್ಲ. 30 ವಾಟ್ ಹೆಚ್ಚಾಯಿತು, ದಿನಕ್ಕೆ 2 ಗಂಟೆ ಆಡಿದೆವು ಎಂದುಕೊಂಡರೂ ತಿಂಗಳಿಗೆ 1.8 ಯೂನಿಟ್ ಅಷ್ಟೇ. ಕಾರ್ಡ್ ತಕ್ಷಣ ಸುಟ್ಟುಹೋಗುತ್ತದೆ ಎನ್ನುವುದೂ ಅತಿಯಾಯಿತು. ಮಿತಿ ಮೀರಿದರೆ ಹೆಚ್ಚಿನ ಸಲ ಆಟ ನಿಂತುಹೋಗುತ್ತದೆ, ಇಲ್ಲವೇ ಸಿಸ್ಟಮ್ ರೀಸ್ಟಾರ್ಟ್ ಆಗುತ್ತದೆ. ನಿಜವಾದ ಖರ್ಚು ಶಾಖದ್ದು. ಹುಬ್ಬಳ್ಳಿಯ ಏಪ್ರಿಲ್ ಬಿಸಿಲು, ಮೇಲೆ ಪತ್ರಾಸ್ ಹೊದಿಸಿದ ಮನೆ, ರಸ್ತೆಯಿಂದ ಒಳಗೆ ಬಂದು ಫ್ಯಾನಿನಲ್ಲಿ ಕೂಡುವ ಧೂಳು. ಇವುಗಳ ನಡುವೆ ಕಾರ್ಡಿಗೆ ಇನ್ನಷ್ಟು ಶಾಖ ಕೊಟ್ಟರೆ ಅದರ ಸವಕಳಿ ಹೆಚ್ಚುತ್ತದೆ. ನಮ್ಮಲ್ಲಿ ಹಲವರದು ಸೆಕೆಂಡ್ ಹ್ಯಾಂಡ್ ಕಾರ್ಡು, ವಾರಂಟಿ ಮುಗಿದಿರುತ್ತದೆ. ವಾರಂಟಿ ಇದ್ದರೂ ಓವರ್‌ಕ್ಲಾಕಿಂಗ್‌ನಿಂದ ಆದ ಹಾನಿಯನ್ನು ಹಲವು ಕಂಪನಿಗಳು ಒಪ್ಪುವುದಿಲ್ಲ. ಹೊಸದು ಕೊಳ್ಳಲು ಹೋದರೆ ಬೆಲೆಯ ಮೇಲೆ ಶೇಕಡಾ 18 ಜಿಎಸ್‌ಟಿ.

ನನ್ನ ಮುಖ್ಯ ಮಾತು ಇಲ್ಲಿದೆ. ನಮ್ಮಂಥ ಮನೆಗಳಲ್ಲಿ ಕಂಪ್ಯೂಟರ್ ಒಬ್ಬರದಲ್ಲ. ನಮ್ಮ ಮನೆಯಲ್ಲಿ ಆಪಾ ಅದರಲ್ಲೇ ಎರಡು ಅಂಗಡಿಗಳ ಟ್ಯಾಲಿ ಲೆಕ್ಕ ಬರೆಯುತ್ತಾಳೆ. ತಮ್ಮನ ಪ್ರಾಜೆಕ್ಟು, ಅಮ್ಮಿಯ ಆನ್‌ಲೈನ್ ಅರ್ಜಿಗಳು ಎಲ್ಲ ಅದರಲ್ಲೇ. ಹೆಸರಿನ ಕೊನೆಗೆ 'ಎಫ್' ಇರುವ ಇಂಟೆಲ್ ಪ್ರೊಸೆಸರ್‌ಗಳಲ್ಲಿ, ರೈಜೆನ್ 5 3600ದಂಥವುಗಳಲ್ಲಿ ಒಳಗೆ ಗ್ರಾಫಿಕ್ಸ್ ಇರುವುದಿಲ್ಲ. ಅಂಥ ಸಿಸ್ಟಮ್‌ನಲ್ಲಿ ಕಾರ್ಡ್ ಹೋದರೆ ಗೇಮ್ ಮಾತ್ರ ನಿಲ್ಲುವುದಿಲ್ಲ, ಪರದೆಯೇ ಬರುವುದಿಲ್ಲ. ಆಪಾಳ ತಿಂಗಳ ದುಡಿಮೆಯೂ ನಿಲ್ಲುತ್ತದೆ. ಎರಡು ಫ್ರೇಮಿನ ಲಾಭ ಆಡುವವನಿಗೆ, ನಷ್ಟ ಮಾತ್ರ ಇಡೀ ಮನೆಗೆ. ಪಾಲುದಾರರನ್ನು ಕೇಳದೆ ಅವರ ಬಂಡವಾಳವನ್ನು ಅಪಾಯಕ್ಕೆ ಒಡ್ಡುವುದನ್ನು ಯಾವ ವ್ಯಾಪಾರವೂ ಒಪ್ಪುವುದಿಲ್ಲ.

"ಹಂಗಂದ್ರ ಏನೂ ಮಾಡಬಾರದೇನು?" ಎಂದು ಕೇಳಬಹುದು. ಮಾಡಲು ಬಹಳ ಇದೆ. ಕಾರ್ಡ್ ಬಿಸಿಯಾದಂತೆ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಆದ್ದರಿಂದ ಸಿಸ್ಟಮ್ ಆಫ್ ಮಾಡಿ, ವೈರ್ ತೆಗೆದು, ಬ್ರಶ್‌ನಿಂದ ಧೂಳು ತೆಗೆದರೆ ಕಳೆದುಹೋದ ವೇಗ ಮರಳಿ ಬರಬಹುದು. ಒಂದೇ 8 ಜಿಬಿ ರ‍್ಯಾಮ್ ಇದ್ದವರು ಅಂಥದ್ದೇ ಇನ್ನೊಂದು ಹಾಕಿದರೆ ಹಲವು ಆಟಗಳಲ್ಲಿ ಓವರ್‌ಕ್ಲಾಕಿಂಗ್‌ಗಿಂತ ಹೆಚ್ಚು ಪ್ರಯೋಜನ. ಆಟದ ಸೆಟ್ಟಿಂಗ್‌ನಲ್ಲಿ ನೆರಳಿನ ಗುಣಮಟ್ಟ ಒಂದು ಹಂತ ಇಳಿಸಿದರೂ ಫ್ರೇಮ್ ಏರುತ್ತವೆ. ಆಫ್ಟರ್‌ಬರ್ನರ್ ಬಳಸಲೇಬೇಕು ಎನ್ನುವವರು ಅದರಲ್ಲೇ 'ಅಂಡರ್‌ವೋಲ್ಟಿಂಗ್' ಕಲಿಯಲಿ. ವೋಲ್ಟೇಜ್ ಸ್ವಲ್ಪ ಇಳಿಸಿ, ವೇಗ ಹೆಚ್ಚು ಕಡಿಮೆ ಅಷ್ಟೇ ಇಟ್ಟುಕೊಳ್ಳುವ ವಿದ್ಯೆ ಇದು. ಶಾಖ, ಫ್ಯಾನಿನ ಸದ್ದು ಎರಡೂ ಕಡಿಮೆ. ಇದರಲ್ಲಿಯೂ ಆಟ ನಿಂತರೆ ಮೊದಲಿನ ಸೆಟ್ಟಿಂಗ್‌ಗೆ ಮರಳಬಹುದು.

ಓವರ್‌ಕ್ಲಾಕಿಂಗ್ ಒಂದು ಹವ್ಯಾಸ, ಅದರಿಂದ ಹಾರ್ಡ್‌ವೇರ್ ಬಗ್ಗೆ ಬಹಳ ಕಲಿಯಬಹುದು ಎನ್ನುವುದನ್ನು ನಾನು ಒಪ್ಪುತ್ತೇನೆ. ಸ್ವಂತ ದುಡ್ಡಿನ, ಸ್ವಂತ ಬಳಕೆಯ ಸಿಸ್ಟಮ್ ಇದ್ದವರು ಧಾರಾಳವಾಗಿ ಮಾಡಲಿ. ಮನೆಯವರೆಲ್ಲ ಬಳಸುವ ಸಿಸ್ಟಮ್ ಆದರೆ, ಈ ರವಿವಾರ ಧೂಳು ತೆಗೆಯುವುದರಿಂದ ಶುರು ಮಾಡಿ. ಅದಕ್ಕೆ ಬೇಕಾದದ್ದು ಒಂದು ಬ್ರಶ್, ಅರ್ಧ ಗಂಟೆ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ