ಖರೀದಿಯ ಸುದ್ದಿ, ದಾಸ್ತಾನಿನ ಲೆಕ್ಕ

ಆಪರೇಷನ್ ಸಿಂಧೂರದ ಬಳಿಕ, 2025ರ ಜೂನ್ ತಿಂಗಳಲ್ಲಿ, ರಕ್ಷಣಾ ಸಚಿವಾಲಯವು ಭೂಸೇನೆಗಾಗಿ ಸುಮಾರು 1,982 ಕೋಟಿ ರೂಪಾಯಿಗಳ 13 ತುರ್ತು ಖರೀದಿ ಒಪ್ಪಂದಗಳನ್ನು ಪ್ರಕಟಿಸಿತು. ಪತ್ರಿಕೆಗಳು ಅದನ್ನು ಸಚಿತ್ರವಾಗಿ ವರ್ಣಿಸಿದವು. ಆದರೆ ಕೊಂಡ ಸಾಮಗ್ರಿ ಉಗ್ರಾಣ ಸೇರಿದ ಮೇಲೆ ಎಲ್ಲಿದೆ, ಎಷ್ಟಿದೆ, ಬಳಸಲು ಯೋಗ್ಯವಾಗಿದೆಯೇ ಎಂಬ ಲೆಕ್ಕವು ಸುದ್ದಿಯಾಗುವುದು ಅನಾಹುತ ನಡೆದಾಗ, ಇಲ್ಲವೇ ಮಹಾಲೇಖಪಾಲರ ವರದಿ ಸಂಸತ್ತಿಗೆ ಬಂದಾಗ. 2017ರ ವರದಿಯಂತೆ, ಪರಿಶೀಲಿಸಿದ 152 ಬಗೆಯ ಮದ್ದುಗುಂಡುಗಳಲ್ಲಿ 40 ದಿನಗಳ ಯುದ್ಧಕ್ಕೆ ಸಾಕಾಗುವಷ್ಟು ಇದ್ದುದು 31 ಬಗೆ ಮಾತ್ರ; 61 ಬಗೆಗಳು 10 ದಿನಕ್ಕೂ ಸಾಲುತ್ತಿರಲಿಲ್ಲ.

ಮುಂಬಯಿಗರಿಗೆ ಇದು ದೂರದ ವಿಷಯವಲ್ಲ. ಕಾಂದಿವಲಿಯ ಸೇನಾ ಉಗ್ರಾಣದ (ಸಿ.ಓ.ಡಿ.) ಗೋಡೆಯಾಚೆಗೂ, ಘಾಟ್ಕೋಪರ್‌ನ ನೌಕಾಪಡೆಯ ದಾಸ್ತಾನು ಕೇಂದ್ರದ ಆಸುಪಾಸಿನಲ್ಲೂ ನಮ್ಮವರ ಎಷ್ಟೋ ಮನೆಗಳಿವೆ. 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕ್‌ನಲ್ಲಿ 'ಫೋರ್ಟ್ ಸ್ಟಿಕಿನ್' ಹಡಗು ಸಿಡಿದು, 66 ಅಗ್ನಿಶಾಮಕ ಸಿಬ್ಬಂದಿ ಸೇರಿದಂತೆ ನೂರಾರು ಜನ ಸತ್ತರು. ಹತ್ತಿಯೊಡನೆ ಸುಮಾರು 1,400 ಟನ್ ಸಿಡಿಮದ್ದು ಅದರಲ್ಲಿತ್ತು. ವಿವರವೆಲ್ಲ ಕಾಗದದಲ್ಲಿತ್ತು, ಬಂದರಿನವರಿಗೆ ಕಾಣಬೇಕಾಗಿದ್ದ ಅಪಾಯಸೂಚಕ ಕೆಂಪು ಬಾವುಟ ಮಾತ್ರ ಏರಿರಲಿಲ್ಲ. ಪ್ರತಿವರ್ಷ ಅಗ್ನಿಶಾಮಕ ದಿನವನ್ನು ಆಚರಿಸುವ ನಾವು ಈ ಭಾಗವನ್ನು ಅಷ್ಟಾಗಿ ನೆನೆಯುವುದಿಲ್ಲ.

ಲೆಕ್ಕ ತಪ್ಪುವುದು ಹೇಗೆ? ಒಂದೇ ಬಿಡಿಭಾಗಕ್ಕೆ ಎರಡು ಉಗ್ರಾಣಗಳಲ್ಲಿ ಎರಡು ಹೆಸರಿದ್ದರೆ, ಇಲ್ಲಿ ತುಕ್ಕು ಹಿಡಿಯುತ್ತಿರುವುದನ್ನೇ ಅಲ್ಲಿ ಮತ್ತೆ ಕೊಳ್ಳಬೇಕಾಗುತ್ತದೆ. ಇದಕ್ಕೆ ನ್ಯಾಟೋ ದೇಶಗಳು ರೂಪಿಸಿದ 13 ಅಂಕಿಗಳ ಸಂಕೇತ ಪದ್ಧತಿಯಿದ್ದು, ಭಾರತವೂ ಅದರಲ್ಲಿ ಪಾಲುಗೊಂಡಿದೆ. ಗಣಕೀಕರಣವೂ ನಡೆದಿದೆ. ಆದರೆ ಬ್ಯಾಂಕುಗಳು ಲೆಡ್ಜರ್ ಬಿಟ್ಟು ಕಂಪ್ಯೂಟರಿಗೆ ಬಂದ ಕಾಲವನ್ನು ಕಂಡವರಿಗೆ ಗೊತ್ತು: ಪುಸ್ತಕದಲ್ಲಿ ತಪ್ಪಾಗಿದ್ದ ಶಿಲ್ಕು ಪರದೆಯ ಮೇಲೂ ತಪ್ಪಾಗಿಯೇ ಇರುತ್ತದೆ, ನೋಡಲು ಅಚ್ಚುಕಟ್ಟಾಗಿರುತ್ತದೆ ಅಷ್ಟೆ.

ನನ್ನ ದೃಷ್ಟಿಯಲ್ಲಿ ಮುಖ್ಯ ಪ್ರಶ್ನೆ, ಎಣಿಸುವವರು ಯಾರು ಎಂಬುದು. ಬ್ಯಾಂಕಿನ ತಿಜೋರಿಗೆ ಇಬ್ಬರ ಕೈಯಲ್ಲಿ ಎರಡು ಕೀಲಿಗಳು. ನಗದು ಎಣಿಸಲು ಮುನ್ಸೂಚನೆಯಿಲ್ಲದೆ ಬೇರೊಬ್ಬ ಅಧಿಕಾರಿ ಬರುತ್ತಾರೆ. ಇದು ಕ್ಯಾಷಿಯರನ ಮೇಲಿನ ಅನುಮಾನವಲ್ಲ, ಅವನಿಗೆ ರಕ್ಷಣೆ. ಅಮೆರಿಕದಂಥ ದೇಶವೂ ಇಲ್ಲಿ ಎಡವಿದೆ. ಎಫ್-35 ಯುದ್ಧವಿಮಾನದ ಹತ್ತು ಲಕ್ಷಕ್ಕೂ ಮಿಕ್ಕಿದ ಬಿಡಿಭಾಗಗಳು 2018ರಿಂದೀಚೆಗೆ ಕಳೆದುಹೋಗಿವೆಯೆಂದು ಅಲ್ಲಿಯ ಲೆಕ್ಕಪರಿಶೋಧಕರು 2023ರಲ್ಲಿ ವರದಿ ಮಾಡಿದರು. ಬೆಲೆ ಕನಿಷ್ಠ 8.5 ಕೋಟಿ ಡಾಲರ್. ಭಾಗಗಳು ಸರ್ಕಾರದ್ದು, ಲೆಕ್ಕ ಮಾತ್ರ ಗುತ್ತಿಗೆದಾರರ ಬಳಿ!

ನಮ್ಮಲ್ಲಿ ರಹಸ್ಯದ ಮಾತೆತ್ತಿ ಈ ಚರ್ಚೆಯನ್ನು ಮೊಟಕುಗೊಳಿಸುವುದುಂಟು. ಯಾವ ಉಗ್ರಾಣದಲ್ಲಿ ಏನಿದೆಯೆಂದು ಜನರಿಗೆ ತಿಳಿಯಬೇಕಿಲ್ಲ, ಸರಿಯೇ. ಆದರೆ ಒಂದು ಉಗ್ರಾಣದ ದಾಸ್ತಾನನ್ನು ಇನ್ನೊಂದರ ಅಧಿಕಾರಿಗಳು ಬಂದು ಎಣಿಸುವುದಕ್ಕೆ, ಪುಸ್ತಕಕ್ಕೂ ಕಪಾಟಿಗೂ ಹೊಂದದ ಬಾಬುಗಳು ನೂರಕ್ಕೆ ಎಷ್ಟೆಂದು ಸಂಸದೀಯ ರಕ್ಷಣಾ ಸಮಿತಿಗೆ ವರ್ಷಕ್ಕೊಮ್ಮೆ ತಿಳಿಸುವುದಕ್ಕೆ ರಹಸ್ಯ ಅಡ್ಡಬಾರದು. ಜೊತೆಗೆ, ಕೊರತೆಯನ್ನು ತಾನಾಗಿ ಬರೆದುಕೊಟ್ಟ ಉಗ್ರಾಣ ಸಿಬ್ಬಂದಿಯ ಮೇಲೆ ಮೊದಲ ದಿನವೇ ವಿಚಾರಣೆ ಹೂಡದಂತೆ ನಿಯಮವನ್ನು ಸಡಿಲಿಸಬೇಕು.