ಕಬಿನಿಯ ನೀರಿನಡಿ ಒಂದು ರಾಜಧಾನಿ



ಕೆಲವು ವರ್ಷಗಳ ಹಿಂದೆ ನಮ್ಮ ಖಾಲಾ ಉಮ್ರಾ ಮುಗಿಸಿ, ಬೈತುಲ್ ಮುಖದ್ದಸ್ ನೋಡಿಕೊಂಡು ಬಂದರು. ಝಮ್‌ಝಮ್, ಖರ್ಜೂರದ ಜೊತೆಗೆ ಮೊಬೈಲ್ ತುಂಬ ಫೋಟೋಗಳು. ಅವುಗಳಲ್ಲಿ ತಬರಿಯ್ಯಾ ಸರೋವರದ್ದೂ ಇದ್ದವು. ಅದರ ದಡದಲ್ಲಿ ಕಫರ್ನಹೂಮ್ ಎಂಬ ಹಾಳೂರು. ಹಝ್ರತ್ ಈಸಾ(ಅ) ಓಡಾಡಿದ ಊರೆಂದು ಬೈಬಲಿನಲ್ಲಿ ಮತ್ತೆ ಮತ್ತೆ ಬರುವ ಸ್ಥಳ. ಈಗ ಅಲ್ಲಿರುವುದು ಮನೆಗಳ ಕಪ್ಪು ಕಲ್ಲಿನ ತಳಪಾಯ, ಒಂದಿಷ್ಟು ಕಂಬಗಳು ಮತ್ತು ನೀರು.

ಫೋಟೋ ನೋಡುತ್ತಿದ್ದ ನನ್ನ ಮಗಳು ಕೇಳಿದಳು: "ಅಮ್ಮೀ, ನಮ್ಮ ಕಡೆ ಇಂಥದ್ದು ಯಾವುದೂ ಇಲ್ವಾ?"

ಇಲ್ಲ ಎಂದುಬಿಟ್ಟೆ. ಆ ಉತ್ತರ ತಪ್ಪೆಂದು ತಿಳಿಯಲು ನನಗೆ ಬಹಳ ದಿನ ಬೇಕಾಯಿತು.

ಹುಣಸೂರಿನಿಂದ ವೀರನಹೊಸಹಳ್ಳಿಗೆ ನೀವೂ ಒಮ್ಮೆಯಾದರೂ ಹೋಗಿರಬಹುದು. ನಾಗರಹೊಳೆ ಕಾಡಿನ ಬಾಗಿಲು ಅದು. ಮಕ್ಕಳು ಜಿಂಕೆ ಎಣಿಸುತ್ತಾರೆ, ನಾವು ಬುತ್ತಿ ಬಿಚ್ಚುವ ಜಾಗ ಹುಡುಕುತ್ತೇವೆ, ಸಂಜೆಯಾಗುತ್ತಲೇ ಮನೆಗೆ ಮರಳುತ್ತೇವೆ. ಇದೇ ಕಾಡು ದಕ್ಷಿಣಕ್ಕೆ ಹಬ್ಬುತ್ತಾ ಹೋಗಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಕಬಿನಿ ಜಲಾಶಯದ ದಡ ಮುಟ್ಟುತ್ತದೆ. ಆ ನೀರಿನ ಅಡಿಯಲ್ಲಿ ಕಿತ್ತೂರು ಎಂಬ ಹಳ್ಳಿಯಿತ್ತು. ಬೆಳಗಾವಿಯ ಚೆನ್ನಮ್ಮನ ಕಿತ್ತೂರಲ್ಲ, ಇದು ಬೇರೆ. ಶಾಸನಗಳು ಕಿತ್ತಿಪುರ, ಕೀರ್ತಿಪುರ ಎಂದು ಕರೆಯುವ ಈ ಊರು ಪುನ್ನಾಟ ಎಂಬ ಪುಟ್ಟ ರಾಜ್ಯದ ರಾಜಧಾನಿ.

ಪುಟ್ಟದಾದರೂ ಅದರ ಹೆಸರು ಎಲ್ಲಿಯವರೆಗೆ ಹೋಗಿತ್ತು ಗೊತ್ತೇ? ಸುಮಾರು 1,850 ವರ್ಷಗಳ ಹಿಂದೆ ಈಜಿಪ್ಟಿನ ಇಸ್ಕಂದರಿಯಾದಲ್ಲಿ ಕುಳಿತು ಟಾಲೆಮಿ ಎಂಬ ವಿದ್ವಾಂಸ ಭೂಗೋಳದ ಒಂದು ಪುಸ್ತಕ ಬರೆದ. ಭಾರತದ ಒಳನಾಡಿನ ಊರುಗಳ ಪಟ್ಟಿಯಲ್ಲಿ ಅವನು 'ಪೌನ್ನಾಟ'ವನ್ನು ಸೇರಿಸಿ, ಅಲ್ಲಿ ಬೆರಿಲ್ ಸಿಗುತ್ತದೆ ಎಂದು ಗುರುತು ಹಾಕಿದ. ಅದು ನಮ್ಮ ಪುನ್ನಾಟವೇ ಎಂದು ವಿದ್ವಾಂಸರು ಹೇಳುತ್ತಾರೆ.

ಬೆರಿಲ್ ಎಂದರೆ ಹಸಿರು, ತಿಳಿನೀಲಿ ಬಣ್ಣಗಳಲ್ಲಿ ಸಿಗುವ ಹರಳು. ಪಚ್ಚೆಯೂ ಇದೇ ಜಾತಿಯದು. ನಾವು ಇಂದು ವೈಡೂರ್ಯ ಎನ್ನುವುದು ಬೆಕ್ಕಿನ ಕಣ್ಣಿನಂಥ ಬೇರೆ ಕಲ್ಲು. ಆದರೆ ಪ್ರಾಕೃತದ 'ವೇಳುರಿಯ' ಎಂಬ ಹೆಸರು ಅಂದು ಈ ಹರಳಿನದ್ದಾಗಿತ್ತು. ಅದೇ ಗ್ರೀಕರ ಬಾಯಲ್ಲಿ 'ಬೆರಿಲ್ಲೋಸ್' ಆಯಿತು. ಆ ಪದದ ಮೂಲ ಬೇರು ನಮ್ಮ ದ್ರಾವಿಡ ಭಾಷೆಗಳಲ್ಲೇ ಇರಬಹುದೆಂದು ಹೇಳುವವರೂ ಇದ್ದಾರೆ. ರೋಮಿನ ಪ್ಲಿನಿ ಎಂಬ ಲೇಖಕ, ಬೆರಿಲ್ ಭಾರತ ಬಿಟ್ಟರೆ ಬೇರೆಡೆ ಸಿಗುವುದು ಅಪರೂಪ ಎಂದು ಬರೆದಿದ್ದಾನೆ. ಭಾರತದವರು ಇದಕ್ಕೆ ಚಿನ್ನದ ಕಟ್ಟು ಹಾಕುವುದಿಲ್ಲವಂತೆ, ತೂತು ಕೊರೆದು ಆನೆಯ ಕೂದಲಿನಲ್ಲಿ ಪೋಣಿಸುತ್ತಾರಂತೆ! ಆನೆಗಳ ಈ ಕಾಡಿನ ಅಂಚಿನಲ್ಲಿ ನಿಂತು ಈ ಮಾತು ನೆನೆದರೆ ನಗುವೂ ಬರುತ್ತದೆ, ಮೈಯೂ ಝುಂ ಎನ್ನುತ್ತದೆ.

ಇನ್ನು ಬೈಬಲಿನ ಮಾತು. ಅದರ ಕೊನೆಯ ಪುಸ್ತಕದಲ್ಲಿ ಹೊಸ ಜೆರೂಸಲೇಮ್ ನಗರದ ವರ್ಣನೆಯಿದೆ. ಕೋಟೆಗೋಡೆಗೆ ಹನ್ನೆರಡು ರತ್ನಗಳ ಅಡಿಪಾಯ, ಎಂಟನೆಯದು ಬೆರಿಲ್. ಹಝ್ರತ್ ಹಾರೂನ್(ಅ) ಧರಿಸುತ್ತಿದ್ದರೆಂದು ಹೇಳುವ ಎದೆಪದಕದಲ್ಲೂ ಹನ್ನೆರಡು ಕಲ್ಲುಗಳು. ಯಹೂದಿ ವಿದ್ವಾಂಸರು ಅದನ್ನು ಗ್ರೀಕಿಗೆ ಅನುವಾದಿಸಿದಾಗ ಅಲ್ಲೂ ಈ ಪದವನ್ನೇ ಬಳಸಿದರು. ಹಾಗಂತ ಪುನ್ನಾಟದ ಕಲ್ಲು ಹಾರೂನ್(ಅ)ರ ಎದೆಯ ಮೇಲಿತ್ತು ಎಂದು ನಾನು ಹೇಳಲಾರೆ. ಆ ಹೀಬ್ರೂ ಹೆಸರುಗಳು ಯಾವ ಯಾವ ಕಲ್ಲಿನವು ಎಂಬ ಬಗ್ಗೆ ಪಂಡಿತರಲ್ಲೇ ಒಮ್ಮತವಿಲ್ಲ. ಸುಳ್ಳು ಹೆಮ್ಮೆ ನಮಗೆ ಬೇಡ. ಆದರೆ ನಮ್ಮ ನೆಲದಿಂದ ಹೊರಟ ಒಂದು ಪದ ಆ ಗ್ರಂಥದೊಳಗೆ ಹೋಗಿ ಕುಳಿತಿರುವುದು ನಿಜ.

ಪದ ಅಲ್ಲಿಗೇ ನಿಲ್ಲಲಿಲ್ಲ. ಅರಬಿಯಲ್ಲಿ ಸ್ಫಟಿಕಕ್ಕೆ 'ಬಿಲ್ಲೌರ್' ಆಯಿತು. ಜರ್ಮನ್ನರು ಕನ್ನಡಕಕ್ಕೆ ಹೇಳುವ 'ಬ್ರಿಲ್ಲೆ'ಯೂ ಇದರ ಮಗುವೇ. ಉರ್ದುವಿನಲ್ಲಿ ನಮ್ಮ ಅಜ್ಜಿಯರು ಈದ್ ಸಂತೆಯಲ್ಲಿ 'ಬಿಲ್ಲೌರಿ ಚೂಡಿ' ಕೇಳುತ್ತಿದ್ದರಲ್ಲ? ಲೋಕ ಸುತ್ತಿ ಬಂದ ಪದವನ್ನೇ ಅವರು ಕೈಗೆ ತೊಡುತ್ತಿದ್ದರು.

ಈ ಊರಿನ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಗಂಗ ವಂಶದ ದುರ್ವಿನೀತನ ಹೆಸರು ಕೇಳಿರುತ್ತೀರಿ. ಕನ್ನಡದ ಹಳೆಯ ಗದ್ಯ ಲೇಖಕರಲ್ಲಿ ಅವನೂ ಒಬ್ಬ ಎಂದು 9ನೇ ಶತಮಾನದ ಕವಿರಾಜಮಾರ್ಗ ಹೇಳುತ್ತದೆ. ಅವನ ತಾಯಿ ಪುನ್ನಾಟದ ರಾಜ ಸ್ಕಂದವರ್ಮನ ಮಗಳು. ಮುಂದೆ ಪುನ್ನಾಟ ಗಂಗರ ರಾಜ್ಯದಲ್ಲಿ ಸೇರಿಹೋಯಿತು. ಅವನು ಬರೆದ ಕನ್ನಡಕ್ಕೆ ತೊಟ್ಟಿಲಲ್ಲಿ ದನಿ ಕೊಟ್ಟವಳು ಕಬಿನಿ ದಡದ ಹೆಣ್ಣುಮಗಳು!

ಈ ಊರು ಮುಳುಗಿದ್ದು ಯಾವ ಯುದ್ಧದಲ್ಲೂ ಅಲ್ಲ. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದು ನೀರು ನಿಂತಿತು. ಹೊಲಕ್ಕೆ ನೀರು ಬೇಕಿತ್ತು, ಅಣೆಕಟ್ಟಿನಿಂದ ಅನ್ನ ಉಂಡವರು ಬಹಳ ಮಂದಿ. ನಾವೂ ಉಂಡಿದ್ದೇವೆ. ಆದರೆ ಮನೆ ಬಿಟ್ಟವರ ಲೆಕ್ಕ ಬೇರೆ.

ಕಳೆದ ಬೇಸಿಗೆಯಲ್ಲಿ ಮಗಳನ್ನು ಕರೆದುಕೊಂಡು ಕೋಟೆ ದಾಟಿ ಹಿನ್ನೀರಿನ ದಡಕ್ಕೆ ಹೋದೆ. ನೀರು ಹಿಂದೆ ಸರಿದು ಕೆಸರು ಬಿರುಕು ಬಿಟ್ಟಿತ್ತು. ಐವತ್ತು ವರ್ಷದಿಂದ ನೀರಲ್ಲೇ ನಿಂತ ಒಣಮರಗಳ ಮೇಲೆ ನೀರುಕಾಗೆಗಳು. ಬೋರ್ಡಿಲ್ಲ, ಟಿಕೆಟಿಲ್ಲ. ಮೇಕೆ ಮೇಯಿಸುತ್ತಿದ್ದ ಒಬ್ಬ ಅಜ್ಜಿಯನ್ನು ಕಿತ್ತೂರು ಎಲ್ಲಿತ್ತು ಎಂದು ಕೇಳಿದೆ. ಆಕೆ ಕೋಲೆತ್ತಿ ನೀರಿನ ಕಡೆ ತೋರಿಸಿದರು.

"ಅಗೋ, ಅತ್ತಗೆ ಕಣವ್ವಾ ಕಿತ್ತೂರು. ನಮ್ದು ಅದರ ಈಚೆ ಊರು. ನಾನು ಮದ್ವೆಯಾಗಿ ಬಂದ ಎರಡನೇ ವರ್ಸಕ್ಕೆ ನೀರು ಬಂತು. ಒಲೆಕಲ್ಲು ಬಿಟ್ಟು ಬರಕ್ಕೆ ನಮ್ಮತ್ತೆ ಒಪ್ಲೇ ಇಲ್ಲ, ಹೊತ್ಕಂಡೇ ಬಂದ್ರು."

ಅಂದು ಜಾಗ ಬಿಟ್ಟವರಲ್ಲಿ ಕಾಡಿನ ಹಾಡಿಗಳ ಮಂದಿಯೂ ಇದ್ದರು. ಮುಂದೆ ಅಭಯಾರಣ್ಯದೊಳಗಿನ ಹಾಡಿಗಳಿಂದ ಹೊರಬಂದ ಜೇನುಕುರುಬ ಕುಟುಂಬಗಳಿಗೆ ವೀರನಹೊಸಹಳ್ಳಿಯ ಹತ್ತಿರ ನಾಗಾಪುರದಲ್ಲಿ ಸರಕಾರ ಮನೆ ಕಟ್ಟಿಸಿತು. ಜಿಂಕೆ ನೋಡಲು ಹೋಗುವಾಗ ಆ ಮನೆಗಳ ಸಾಲನ್ನು ನಾನು ಎಷ್ಟೋ ಸಲ ಕಾರಿನಿಂದಲೇ ನೋಡಿ ಮುಂದೆ ಹೋಗಿದ್ದೇನೆ.

ಟಾಲೆಮಿ, ಬೆರಿಲ್ ಎಂದೆಲ್ಲ ಅಜ್ಜಿಗೆ ಹೇಳಲು ಹೊರಟೆ. ಅವರು ಕೇಳಿಸಿಕೊಂಡು, "ಕಲ್ಲು ಸಿಕ್ತಿದ್ದಿದ್ದು ನಂಗೊತ್ತಿಲ್ಲ ತಾಯಿ, ರಾಗಿ ಮಾತ್ರ ಚೆನ್ನಾಗಿ ಆಗ್ತಿತ್ತು" ಎಂದರು. ಮಗಳು ನನ್ನನ್ನು ಬಿಟ್ಟು ಅವರ ಪಕ್ಕದಲ್ಲಿ ಹೋಗಿ ಕುಳಿತಳು. "ಆ ಒಲೆಕಲ್ಲು ಈಗ್ಲೂ ಇದ್ಯಾ ಅಜ್ಜಿ?" ಎಂದು ಕೇಳಿದಳು.

ಇದೆಯಂತೆ. ಹಿತ್ತಲಿನಲ್ಲಿ, ಸ್ನಾನದ ನೀರು ಕಾಯಿಸುವ ಹಂಡೆಯ ಕೆಳಗೆ.